ರೇಸಿಗೆ ಮೂರು ವಾರ ಇರುವಾಗ ಬರುವ ನೋವು

ಡಿಸೆಂಬರ್ ಕೊನೆ ಬಂತೆಂದರೆ ಬೆಂಗಳೂರಿನ ಕ್ರೀಡಾ ಫಿಸಿಯೋಥೆರಪಿಸ್ಟ್‌ಗಳಿಗೆ ಬಿಡುವಿರುವುದಿಲ್ಲ. ಜನವರಿಯಲ್ಲಿ ಮುಂಬೈ ಮ್ಯಾರಥಾನ್. ಆಗಸ್ಟ್‌ನಿಂದ ಕಬ್ಬನ್ ಪಾರ್ಕು, ಜಿಕೆವಿಕೆ ಎಂದು ಬೆಳಗಿನ ಜಾವ ಓಡಿದವರು ವಾರಕ್ಕೆ 60-70 ಕಿ.ಮೀ. ಮುಟ್ಟುವ ಹೊತ್ತಿಗೆ ಸರಿಯಾಗಿ ಕುಂಟುತ್ತಾ ಬರುತ್ತಾರೆ. ಅವರ ಮಾತು ಹೆಚ್ಚುಕಡಿಮೆ ಒಂದೇ: “ಮೇಡಂ, ರೇಸಿಗೆ ಇನ್ನು ಮೂರೇ ವಾರ. ರೆಸ್ಟ್ ಅಂತ ಮಾತ್ರ ಹೇಳ್ಬೇಡಿ.”

ಎಲ್ಲರಿಗೂ ರೆಸ್ಟ್ ಹೇಳುವ ಅಭ್ಯಾಸ ನನಗೂ ಇಲ್ಲ. ಬಂದವರಲ್ಲಿ ಬಹಳಷ್ಟು ಮಂದಿ ಓಡಬಹುದು. ಕೆಲವರು ನೋವು ಇಟ್ಟುಕೊಂಡೇ ಓಡಬಹುದು. ಒಂದಿಬ್ಬರು ಮಾತ್ರ ಆ ದಿನದಿಂದಲೇ ನಿಲ್ಲಿಸಬೇಕು. ಕಷ್ಟವೆಂದರೆ, ಈ ಕೊನೆಯವರ ನೋವೇ ಎಷ್ಟೋ ಸಲ ಎಲ್ಲರಿಗಿಂತ ಕಡಿಮೆ ಇರುತ್ತದೆ. ಅದಕ್ಕೇ ಎಷ್ಟು ನೋವು ಎಂದು ನಾನು ಮೊದಲು ಕೇಳುವುದಿಲ್ಲ. ಎಲ್ಲಿ, ಯಾವಾಗ, ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ಹೇಗೆ, ಈ ಮೂರು ಕೇಳುತ್ತೇನೆ.

ಮಾಂಸಖಂಡದ ನೋವಿಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ನಂದಿಬೆಟ್ಟದಿಂದ ಇಳಿದ ಮರುದಿನ ತೊಡೆ ಹಿಡಿದುಕೊಂಡರೆ, ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಬೇಕಾದರೆ, ಅದು ಎರಡು ಮೂರು ದಿನದಲ್ಲಿ ಹೋಗುತ್ತದೆ. ಅದನ್ನು ಸಹಿಸಿಕೊಂಡು ಓಡುವುದು ತರಬೇತಿಯ ಭಾಗವೇ.

ಸ್ನಾಯುರಜ್ಜು, ಅಂದರೆ ಟೆಂಡನ್, ಸ್ವಲ್ಪ ಬೇರೆ ಜಾತಿ. ಹಿಮ್ಮಡಿಯ ಮೇಲಿನ ಅಕಿಲಿಸ್ ಬೆಳಿಗ್ಗೆ ಮರಗಟ್ಟಿದಂತಿದ್ದು, ಓಡಲು ಶುರುಮಾಡಿ ಎರಡು ಕಿಲೋಮೀಟರ್ ಆಗುತ್ತಲೇ ಸಡಿಲವಾಗಿ, ಸಂಜೆ ಮತ್ತೆ ಹಿಡಿದುಕೊಳ್ಳುತ್ತದೆ. ಇದಕ್ಕೆ ಪೂರ್ತಿ ವಿಶ್ರಾಂತಿ ಕೊಡುವುದು ಹಳೆಯ ಪದ್ಧತಿ. ಭಾರ ಹೊರಿಸದಿದ್ದರೆ ಟೆಂಡನ್ ಇನ್ನಷ್ಟು ದುರ್ಬಲವಾಗುತ್ತದೆ. 1998ರಲ್ಲಿ ಸ್ವೀಡನ್ನಿನ ಆಲ್ಫ್ರೆಡ್‌ಸನ್ ತಂಡ, ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮವನ್ನು ದಿನಕ್ಕೆರಡು ಹೊತ್ತು, 12 ವಾರ ಮಾಡಿಸಿ ಒಳ್ಳೆಯ ಫಲ ಕಂಡಿತು. ನೋವಿದ್ದರೂ ಮಾಡಿ ಎಂದೇ ಅವರು ಹೇಳಿದ್ದರು. ನಾವು ಇಂದು ಅನುಸರಿಸುವ ಲೆಕ್ಕವೂ ಅದಕ್ಕೆ ಹತ್ತಿರದ್ದು: ಹತ್ತರಲ್ಲಿ ಐದರವರೆಗಿನ ನೋವು ನಡೆಯುತ್ತದೆ, ಆದರೆ ಮರುದಿನ ಬೆಳಗಿನೊಳಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು, ವಾರದಿಂದ ವಾರಕ್ಕೆ ಏರಬಾರದು. ಇಂಥವರನ್ನು ನಾನು ಮುಂಬೈಗೆ ಕಳಿಸುತ್ತೇನೆ. ಪೆಡ್ಡರ್ ರಸ್ತೆಯ ಏರಿನಲ್ಲಿ ನಡೆದುಬಿಡಿ ಎಂದೂ ಹೇಳಿ ಕಳಿಸುತ್ತೇನೆ. ಯಾರೂ ನಡೆಯುವುದಿಲ್ಲ, ಅದು ಬೇರೆ ಮಾತು.

ನನಗೆ ಭಯವಿರುವುದು ಎಲುಬಿನ ನೋವಿನದು. ಕಣಕಾಲಿನ ಒಳಬದಿಯಲ್ಲಿ ನೋವು ಎಂದು ಬಂದವರಿಗೆ ಎಲ್ಲಿ ಎಂದು ತೋರಿಸಲು ಹೇಳುತ್ತೇನೆ. ಅಂಗೈಯನ್ನು ಉದ್ದಕ್ಕೂ ಸವರಿ ತೋರಿಸಿದರೆ ಅದು ಸಾಮಾನ್ಯವಾಗಿ ಶಿನ್ ಸ್ಪ್ಲಿಂಟ್, ಅಂದರೆ ಓಟ ಹೆಚ್ಚಾಗಿ ಕಣಕಾಲಿನ ಎಲುಬಿನ ಅಂಚಿನುದ್ದಕ್ಕೂ ಬರುವ ನೋವು. ಓಟ ಕಡಿಮೆ ಮಾಡಿ ಸುಧಾರಿಸಬಹುದು. ಒಂದೇ ಬೆರಳಿಟ್ಟು “ಇಲ್ಲೇ” ಎಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಒಂಟಿಕಾಲಲ್ಲಿ ಕುಪ್ಪಳಿಸಿದರೆ ಅದೇ ಜಾಗದಲ್ಲಿ ಚುಚ್ಚುತ್ತದೆಯೇ, ರಾತ್ರಿ ಮಲಗಿದಾಗಲೂ ನೋಯುತ್ತದೆಯೇ ಎಂದು ನೋಡಬೇಕು. ಹೌದಾದರೆ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಪದೇ ಪದೇ ಬೀಳುವ ಹೊಡೆತದಿಂದ ಎಲುಬಿನಲ್ಲಾಗುವ ಸಣ್ಣ ಬಿರುಕು, ಎಂದೇ ಹಿಡಿದು ಮುಂದುವರಿಯುವುದು ಕ್ಷೇಮ. “ಎಕ್ಸ್‌ರೇ ನಾರ್ಮಲ್ ಇದೆ ಮೇಡಂ” ಎಂದು ಫಿಲ್ಮ್ ಚಾಚುತ್ತಾರೆ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಇದು ಕಾಣದಿರುವುದೇ ಹೆಚ್ಚು. ಎಂಆರ್‌ಐ ಬೇಕು.

ಎಲುಬು ಹೀಗೇಕಾಗುತ್ತದೆ? ಓಟದ ಹೊಡೆತಕ್ಕೆ ಹೊಂದಿಕೊಳ್ಳಲು ದೇಹ ಮೊದಲು ಹಳೆಯ ಎಲುಬನ್ನು ಕರಗಿಸಿ ತೆಗೆಯುತ್ತದೆ, ಆಮೇಲೆ ಹೊಸದನ್ನು ತುಂಬುತ್ತದೆ. ತೆಗೆಯುವುದು ಬೇಗ, ತುಂಬುವುದು ನಿಧಾನ. ನಡುವಿನ ಆ ವಾರಗಳಲ್ಲಿ ಕಿಲೋಮೀಟರ್ ಏರಿಸುತ್ತಾ ಹೋಗುವುದೆಂದರೆ, ರಸ್ತೆ ಅಗೆದು ಡಾಂಬರು ಹಾಕುವ ಮೊದಲೇ ಲಾರಿ ಬಿಟ್ಟ ಹಾಗೆ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಣಕಾಲಿನಲ್ಲಾದರೆ ಆರರಿಂದ ಎಂಟು ವಾರ ಹೋಗಬಹುದು. ತೊಡೆಸಂದಿಯಲ್ಲಿ ಆಳವಾದ ನೋವಿದ್ದು, ಓಡಿದಾಗ ಹೆಚ್ಚಾಗುತ್ತಿದ್ದರೆ ಮಾತ್ರ ಒಂದು ದಿನವೂ ಕಾಯಬಾರದು. ತೊಡೆಮೂಳೆಯ ಕತ್ತಿನ ಮೇಲ್ಬದಿಯ ಬಿರುಕು ಪೂರ್ತಿ ಮುರಿದು ಜಾರಿದರೆ ಶಸ್ತ್ರಚಿಕಿತ್ಸೆಯಿಂದ ತಪ್ಪಿಸಿಕೊಳ್ಳಲಾಗದು, ಸೊಂಟದ ಕೀಲಿಗೇ ಕುತ್ತು ಬರಬಹುದು.

ಎಲುಬಿನ ಜೊತೆ ಊಟದ ಮಾತು ಬಂದೇ ಬರುತ್ತದೆ. ಬರೀ ಹೊಟ್ಟೆಯಲ್ಲಿ 25 ಕಿ.ಮೀ. ಓಡಿ, ಎರಡು ಇಡ್ಲಿ ತಿಂದು ಮೀಟಿಂಗಿಗೆ ಕೂರುವವರು ನಮ್ಮಲ್ಲಿ ತುಂಬ. ತೂಕ ಇಳಿದಷ್ಟು ಪೇಸ್ ಸುಧಾರಿಸುತ್ತದೆ ಎಂಬ ನಂಬಿಕೆ ಬೇರೆ. ಖರ್ಚಿಗೆ ತಕ್ಕಷ್ಟು ತಿನ್ನದಿದ್ದರೆ ದೇಹ ಮೊದಲು ಹಾರ್ಮೋನುಗಳಲ್ಲಿ ಉಳಿತಾಯ ಮಾಡುತ್ತದೆ. ಮುಟ್ಟು ನಿಲ್ಲುತ್ತದೆ, ಎಲುಬು ಸವೆಯುತ್ತದೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದಕ್ಕೆ ರೆಡ್-ಎಸ್ ಎಂದು ಹೆಸರಿಟ್ಟು, ಗಂಡಸರಿಗೂ ಅನ್ವಯ ಎಂದಿತು. ಓಡುವ ಹೆಣ್ಣುಮಕ್ಕಳನ್ನು ನಾನು ಮುಟ್ಟಿನ ಬಗ್ಗೆ ಕೇಳದೆ ಕಳಿಸುವುದಿಲ್ಲ. ಟ್ರೇನಿಂಗ್ ಜಾಸ್ತಿ ಆದಾಗ ನಿಲ್ಲುವುದು ಸಹಜ ಎಂದು ಕೋಚ್‌ಗಳೇ ಹೇಳುವುದನ್ನು ಕೇಳಿದ್ದೇನೆ. ಸಹಜವಲ್ಲ.

ಇನ್ನು ರೇಸಿನ ದಿನ. ಬೆಳಿಗ್ಗೆ ಒಂದು ನೋವಿನ ಮಾತ್ರೆ, ಅರ್ಧ ದಾರಿಯಲ್ಲಿ ಇನ್ನೊಂದು ಎಂದು ಜೇಬಿನಲ್ಲಿಟ್ಟುಕೊಂಡು ಹೋಗುವವರಿದ್ದಾರೆ. ಓಡುವಾಗ ರಕ್ತ ಕಾಲುಗಳಿಗೆ ಹರಿದು ಮೂತ್ರಪಿಂಡಕ್ಕೆ ಕಡಿಮೆಯಾಗುತ್ತದೆ. ಅಲ್ಲಿನ ನಾಳಗಳನ್ನು ತೆರೆದಿಡುವ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳನ್ನೇ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ತಡೆಯುತ್ತದೆ. 80 ಕಿ.ಮೀ. ಓಟದ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಐಬುಪ್ರೊಫೆನ್ ತೆಗೆದುಕೊಂಡವರಲ್ಲಿ ಶೇ 52 ಮಂದಿಗೆ, ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಶೇ 34 ಮಂದಿಗೆ ಮೂತ್ರಪಿಂಡದ ತೀವ್ರ ತೊಂದರೆಯ ಲಕ್ಷಣ ಕಂಡಿತು. ಮಾತ್ರೆ ಬೇಕೇ ಬೇಕು ಅನ್ನಿಸುವಷ್ಟು ನೋವಿದ್ದರೆ ಆ ಓಟ ಅಂದು ಬೇಡ.

ನೀರಿನ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಪ್ರತಿ ಸ್ಟೇಷನ್ನಿನಲ್ಲೂ ಕುಡಿಯಲೇಬೇಕೆಂದು ಕುಡಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಪರೀಕ್ಷಿಸಿದ 488 ಮಂದಿಯಲ್ಲಿ ಶೇ 13ರಷ್ಟು ಜನರಿಗೆ ಹೀಗಾಗಿತ್ತು. ಬಾಯಾರಿದಷ್ಟು ಕುಡಿದರೆ ಸಾಕು. ಓಟ ಮುಗಿಸಿದಾಗ ತೂಕ ಏರಿದ್ದರೆ ಹೆಚ್ಚು ಕುಡಿದಿದ್ದೀರಿ ಎಂದೇ ಅರ್ಥ.

ಬೆಂಗಳೂರಿನ ಚಳಿಯಲ್ಲಿ ತಯಾರಾಗಿ ಮುಂಬೈಯ ತೇವಕ್ಕೆ ಇಳಿಯುವವರಿಗೆ ಇದಕ್ಕಿಂತ ದೊಡ್ಡ ಅಪಾಯ ಬಿಸಿಯದು. ಸೆಖೆಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ನಮ್ಮವರು ಶನಿವಾರದ ವಿಮಾನದಲ್ಲಿ ಹೋಗಿ ಭಾನುವಾರ ಓಡುತ್ತಾರೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಮಹಿಳಾ ಮ್ಯಾರಥಾನಿನಲ್ಲಿ ಸ್ವಿಟ್ಜರ್ಲೆಂಡಿನ ಗ್ಯಾಬ್ರಿಯೆಲಾ ಆಂಡರ್ಸನ್-ಶೀಸ್ ಮೈ ಓರೆಯಾಗಿ, ಒಂದು ಕೈ ಜೋತುಬಿದ್ದು, ಕೊನೆಯ ಸುತ್ತನ್ನು ತೂರಾಡುತ್ತಲೇ ಮುಗಿಸಿ 37ನೆಯವರಾದರು. ಬೆವರುತ್ತಿದ್ದಾರೆ ಎಂಬುದನ್ನು ನೋಡಿ ವೈದ್ಯರು ತಡೆಯಲಿಲ್ಲ. ಅವರು ಬೇಗ ಚೇತರಿಸಿಕೊಂಡರು, ಜಗತ್ತು ಚಪ್ಪಾಳೆ ತಟ್ಟಿತು. 1954ರಲ್ಲಿ ವ್ಯಾಂಕೂವರ್‌ನ ಕಾಮನ್‌ವೆಲ್ತ್ ಕ್ರೀಡಾಕೂಟದ ಮ್ಯಾರಥಾನಿನಲ್ಲಿ ಇಂಗ್ಲೆಂಡಿನ ಜಿಮ್ ಪೀಟರ್ಸ್ ಎಲ್ಲರಿಗಿಂತ ಬಹಳ ಮುಂದೆ ಕ್ರೀಡಾಂಗಣಕ್ಕೆ ಬಂದು, ಬಿದ್ದು ಎದ್ದು ಮತ್ತೆ ಬಿದ್ದು, ಗೆರೆ ಮುಟ್ಟದೆ ಸ್ಟ್ರೆಚರ್ ಏರಿದರು, ಮತ್ತೆಂದೂ ಸ್ಪರ್ಧಿಸಲಿಲ್ಲ. ಹೊರಗಿನಿಂದ ನೋಡುವವರಿಗೆ ಇಬ್ಬರೂ ಒಂದೇ ಥರ ಕಂಡಿರಬೇಕು. ಓಟದಿಂದ ಬರುವ ಶಾಖಾಘಾತದಲ್ಲಿ ಬೆವರು ನಿಂತೇ ಇರಬೇಕೆಂದಿಲ್ಲ ಎಂಬುದು ಇಂದು ನಮಗೆ ಗೊತ್ತು. ಆದ್ದರಿಂದ ನಾನು ನೋಡುವುದು ಬುದ್ಧಿಯನ್ನು. ಹೆಸರು, ಊರು, ಎಷ್ಟನೇ ಕಿಲೋಮೀಟರ್ ಎಂದು ಕೇಳಿದಾಗ ತಡವರಿಸಿದರೆ, ರೇಗಿದರೆ, ಓಟ ಅಲ್ಲಿಗೆ ಮುಗಿಯಿತು. ಮಂಜುಗಡ್ಡೆಯ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಮೈ ತಣಿಸುವುದು ಮೊದಲು, ಆಂಬುಲೆನ್ಸ್ ಆಮೇಲೆ.

ಅರ್ಧದಲ್ಲಿ ಬಿಡುವುದನ್ನು ನಮ್ಮ ಓಟದ ಗುಂಪುಗಳು ಅವಮಾನದಂತೆ ನೋಡುತ್ತವೆ, ಅದೂ ಓಟ ದಾಖಲಿಸಿ ಹಂಚಿಕೊಳ್ಳುವ ಸ್ಟ್ರಾವಾ ಆ್ಯಪ್‌ನಲ್ಲಿ ಎಲ್ಲರಿಗೂ ಕಾಣುತ್ತದಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎಲಿಯುಡ್ ಕಿಪ್‌ಚೊಗೆ ಬೆನ್ನುನೋವಿನಿಂದ 30 ಕಿ.ಮೀ. ದಾಟಿದ ಮೇಲೆ ನಿಲ್ಲಿಸಿದರು. ಎರಡು ಒಲಿಂಪಿಕ್ ಮ್ಯಾರಥಾನ್ ಚಿನ್ನ ಗೆದ್ದವರು ಅವರು.

ನಿಲ್ಲಿಸಿದವರ ಮುಂದಿನ ಪ್ರಶ್ನೆ, ಮಾಡಿದ್ದೆಲ್ಲ ನೀರಿನಲ್ಲಿ ಹೋಮವಾಯಿತೇ ಎಂಬುದು. 1984ರಲ್ಲಿ ಎಡ್ವರ್ಡ್ ಕಾಯ್ಲ್ ತಂಡ ಚೆನ್ನಾಗಿ ತಯಾರಾದ ಕ್ರೀಡಾಪಟುಗಳ ತರಬೇತಿಯನ್ನು ಪೂರ್ತಿ ನಿಲ್ಲಿಸಿ ಅಳೆದಾಗ, ಮೂರು ವಾರಕ್ಕೆ ವಿಒ2 ಮ್ಯಾಕ್ಸ್, ಅಂದರೆ ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬ ಅಳತೆ, ಇಳಿದದ್ದು ಸುಮಾರು ಶೇ 7. ನಡುವೆ ಸೈಕಲ್ ತುಳಿದರೆ, ಸೊಂಟಕ್ಕೆ ಬೆಲ್ಟ್ ಕಟ್ಟಿ ಈಜುಕೊಳದ ಆಳದಲ್ಲಿ ಓಡಿದರೆ, ಅಷ್ಟೂ ಇಳಿಯುವುದಿಲ್ಲ. ಕೊಳದ ಓಟ ಬೇಜಾರಿನ ಕೆಲಸ, ಒಪ್ಪುತ್ತೇನೆ.

ಓಟಕ್ಕೆ ಮರಳುವಾಗ ಮೊದಲ ಹಂತದಲ್ಲಿ 30 ನಿಮಿಷ ಬಿರುಸಾಗಿ ನಡೆದರೂ ನೋಯಬಾರದು, ಒಂಟಿಕಾಲಲ್ಲಿ ಕುಪ್ಪಳಿಸಿದರೂ ನೋಯಬಾರದು. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ದಿನ ಬಿಟ್ಟು ದಿನ. ಓಡಿದ ಮರುದಿನ ಬೆಳಿಗ್ಗೆ ಆ ಜಾಗವನ್ನು ಅದೇ ಬೆರಳಿಂದ ಒತ್ತಿ ನೋಡಬೇಕು. ನೋಯದಿದ್ದರೆ ಓಟದ ನಿಮಿಷ ಏರಿಸಬಹುದು. ವೇಗ ಏರಿಸುವುದು ಎಲ್ಲಕ್ಕಿಂತ ಕೊನೆಗೆ. ಈ ಹಂತದಲ್ಲಿ ಗಾರ್ಮಿನ್ ವಾಚನ್ನು ಮನೆಯಲ್ಲೇ ಬಿಟ್ಟು ಬನ್ನಿ ಎನ್ನುತ್ತೇನೆ. ಹೃದಯ ಬಡಿತ ನೋಡಬೇಕಲ್ಲ ಎನ್ನುತ್ತಾ ಕಟ್ಟಿಕೊಂಡೇ ಬರುತ್ತಾರೆ.