ಜರುಗುವ ಚುಕ್ಕಿಯ ಜಾಡು

ಮಾಗಿಯ ಇರುಳು, ಚಳ್ಳಕೆರೆ ಕಡೆಯ ಬಯಲು. ದೂರದರ್ಶಕಕ್ಕೆ ಕ್ಯಾಮೆರಾ ಕೂರಿಸಿ ಆಕಾಶದ ಒಂದೇ ತುಣುಕನ್ನು ಅರ್ಧರ್ಧ ಗಂಟೆ ಬಿಟ್ಟು ಮೂರು ಸಲ ಚಿತ್ರ ತೆಗೆಯಿರಿ. ನಕ್ಷತ್ರದ ಮೇಲೆ ನಕ್ಷತ್ರ ಕೂರುವಂತೆ ಹೊಂದಿಸಿ ಒಂದರ ಹಿಂದೊಂದು ಬೇಗಬೇಗ ನೋಡಿದರೆ, ಒಂದು ಚುಕ್ಕಿ ಮಾತ್ರ ಪಡುವಣಕ್ಕೆ ಜರುಗುವುದು ಕಾಣಬಹುದು. ಮಂಗಳ, ಗುರುಗಳ ನಡುವಿನ ಪಟ್ಟಿಯ ಕ್ಷುದ್ರಗ್ರಹ ಕಣ್ಣಿಗೆ ಬೀಳುವುದು ಹೀಗೆ.

ಹುಡುಕಬೇಕಾದ್ದು ಸೂರ್ಯನಿಗೆ ನೇರ ಎದುರಿನ ದಿಕ್ಕಿನಲ್ಲಿ. ಅಲ್ಲಿ ಅದು ನಮಗೆ ಹತ್ತಿರ, ಬೆಳಕೂ ಹೆಚ್ಚು. ಆ ದಿಕ್ಕು ಅತಿ ಎತ್ತರಕ್ಕೆ ಬರುವುದು ನಡುರಾತ್ರಿಗೆ. ಆದರೆ ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಚಿತ್ರದುರ್ಗ ಇರುವುದು 76.4ರಲ್ಲಿ. ಹಾಗಾಗಿ ಇಲ್ಲಿ ಸರಾಸರಿ 24 ನಿಮಿಷ ತಡ. ಒಳದಾರಿಯಲ್ಲಿ ಓಡುವ ಭೂಮಿ ಕ್ಷುದ್ರಗ್ರಹವನ್ನು ಹಿಂದೆ ಹಾಕುವುದರಿಂದ ಚುಕ್ಕಿ ಹಿಮ್ಮುಖವಾಗಿ ಸರಿದಂತೆ ತೋರುತ್ತದೆ. ಪಂಚಾಂಗದಲ್ಲಿ ಗುರು, ಶನಿಗೆ ಬರೆಯುವ ವಕ್ರಗತಿಯೇ ಇದು. ಸೂರ್ಯ-ಭೂಮಿ ಅಂತರದ 2.4 ಪಟ್ಟು ದೂರದ ಕ್ಷುದ್ರಗ್ರಹವಾದರೆ ಗಂಟೆಗೆ ಸುಮಾರು 37 ವಿಕಲೆ (ಒಂದು ಡಿಗ್ರಿಯ 3600ನೇ ಒಂದು ಪಾಲು ಒಂದು ವಿಕಲೆ) ಸರಿಯುತ್ತದೆ, ಅಂದರೆ ಎರಡು ದಿನಕ್ಕೆ ಚಂದ್ರನ ಅಗಲದಷ್ಟು.

ಇಲ್ಲಿ ಮೋಸ ಮಾಡುವುದು ಹಾಟ್ ಪಿಕ್ಸೆಲ್. ಸಂವೇದಕದಲ್ಲಿ ಸದಾ ಬೆಳಗುವ ಈ ಕೆಟ್ಟ ಚುಕ್ಕಿ, ದೂರದರ್ಶಕ ನಿಧಾನವಾಗಿ ಜಾರುತ್ತಿದ್ದರೆ, ಹೊಂದಿಸಿದ ಚಿತ್ರಗಳಲ್ಲಿ ನೇರ ಗೆರೆಯಲ್ಲಿ ಸಮವೇಗದಿಂದ ನಡೆಯುತ್ತದೆ, ಥೇಟ್ ಕ್ಷುದ್ರಗ್ರಹದಂತೆ. ಅದಕ್ಕೇ ಪ್ರತಿ ಚಿತ್ರಕ್ಕೂ ಮುನ್ನ ದೂರದರ್ಶಕವನ್ನು ಬೇರೆಬೇರೆ ದಿಕ್ಕಿಗೆ ಒಂಚೂರು ಸರಿಸಬೇಕು. ಆಗ ಸುಳ್ಳು ಚುಕ್ಕಿ ಅಡ್ಡಾದಿಡ್ಡಿ ಕುಣಿಯುತ್ತದೆ, ನಿಜದ್ದು ಗೆರೆ ಬಿಟ್ಟು ಕದಲುವುದಿಲ್ಲ. ಗಡಿಯಾರವೂ ಸರಿ ಇರಬೇಕು: ಒಂದು ನಿಮಿಷ ತಪ್ಪಿದರೆ ಸ್ಥಾನ 0.6 ವಿಕಲೆ ತಪ್ಪುತ್ತದೆ. ವರದಿಯಲ್ಲಿ ವಿಶ್ವ ಸಮಯ (UTC) ಬರೆಯಲು ನಮ್ಮ ಸಮಯದಿಂದ 5:30 ಗಂಟೆ ಕಳೆಯುವಾಗ, ನಡುರಾತ್ರಿ ದಾಟಿದ ಮೇಲಿನ ಚಿತ್ರಗಳಿಗೆ ತಾರೀಖೂ ಹಿಂದಿನದಾಗುವುದನ್ನು ಮರೆಯುವವರಿದ್ದಾರೆ.

ಇಷ್ಟಾದರೂ ಶೋಧ ಆಗಿಲ್ಲ. ಒಂದು ರಾತ್ರಿಯ ತುಂಡು ಗೆರೆಗೆ ಎಷ್ಟೋ ಕಕ್ಷೆಗಳು ಹೊಂದುತ್ತವೆ. 1801ರ ಜನವರಿ 1ರಂದು ಇಟಲಿಯ ಖಗೋಳಜ್ಞ ಪಿಯಾಜ್ಜಿ ಕಂಡ, ಇದೇ ಪಟ್ಟಿಯ ಸೀರಿಸ್ ಆರು ವಾರಗಳಲ್ಲೇ ಕೈತಪ್ಪಿತು. ಅದನ್ನು ಉಳಿಸಿದ್ದು ಜರ್ಮನಿಯ ಗಣಿತಜ್ಞ ಗೌಸನ ಲೆಕ್ಕ. ಕಕ್ಷೆಗೆ ಆರು ಸಂಖ್ಯೆ ಬೇಕು: ದೀರ್ಘವೃತ್ತದ ಗಾತ್ರ, ಚಪ್ಪಟೆತನ, ಅದರ ಸಮತಲದ ಓರೆ, ಆ ಓರೆಯ ದಿಕ್ಕು, ಸಮತಲದೊಳಗೆ ದೀರ್ಘವೃತ್ತ ಮುಖ ಮಾಡಿದ ಕಡೆ, ಇಂಥ ಹೊತ್ತಿಗೆ ಕಾಯ ಎಲ್ಲಿತ್ತು ಎಂಬುದು. ಒಂದು ರಾತ್ರಿಯ ಸ್ಥಾನ ಎರಡು ಸಂಖ್ಯೆ ಕೊಡುತ್ತದೆ. ಮೂರು ರಾತ್ರಿಗೆ ಆರು. ಗೌಸನ ಲೆಕ್ಕದ ನೆರವಿನಿಂದ ಅದೇ ವರ್ಷದ ಡಿಸೆಂಬರ್ 31ಕ್ಕೆ ಸೀರಿಸ್ ಮತ್ತೆ ಸಿಕ್ಕಿತು.

ನಮ್ಮ ದಕ್ಷಿಣದಲ್ಲೂ ಇಂಥ ಶೋಧವಾಗಿದೆ. 1861ರ ಏಪ್ರಿಲ್ 17ರಂದು ಮದ್ರಾಸಿನಲ್ಲಿ ಖಗೋಳಜ್ಞ ಪಾಗ್ಸನ್ ಕಂಡದ್ದು ಏಷ್ಯಾ ಖಂಡದಿಂದ ಪತ್ತೆಯಾದ ಮೊದಲ ಕ್ಷುದ್ರಗ್ರಹ. ಹೆಸರೂ ‘ಏಷ್ಯಾ’, ಸಂಖ್ಯೆ 67. ಸೂರ್ಯ-ಭೂಮಿ ಅಂತರವನ್ನು 1 ಎಂದರೆ ಅದು ಸೂರ್ಯನಿಗೆ 1.97ರಷ್ಟು ಹತ್ತಿರ ಬಂದು 2.87ರಷ್ಟು ದೂರ ಹೋಗುತ್ತದೆ. ಒಂದು ಸುತ್ತಿಗೆ ಸುಮಾರು 3 ವರ್ಷ 9 ತಿಂಗಳು. ಆದರೆ ಭೂಮಿಯೂ ಓಡುತ್ತಿರುವುದರಿಂದ, ಸರಿಸುಮಾರು 16 ತಿಂಗಳಿಗೊಮ್ಮೆ ಅದು ನಮ್ಮ ನಡುರಾತ್ರಿಯ ಆಕಾಶಕ್ಕೆ ಮರಳುತ್ತದೆ.