ಹಳೇ ಕಾರಿಗೆ ಬ್ಯಾಟರಿ ತಗೋಳೋಕ್ ಮುಂಚೆ ಟ್ರೇ ಅಳೀರಿ

ನಮ್ಮ ಬ್ಯಾಟರಿ ಅಂಗಡಿಗೆ ಬರೋರು ಹೆಚ್ಚಿನೋರು ಹಳೇ ಬ್ಯಾಟರಿದು ಫೋಟೋ ಹೊಡಕೊಂಡು ಬಂದು "ಇದೇ ನಂಬರಿಂದು ಕೊಡ್ರಿ" ಅಂತಾರ. ಹೊಸಾ ಕಾರಾದ್ರ ಅದು ನಡೀತೈತಿ, ಕಂಪನಿಯಿಂದ ಬಂದಿದ್ದೇ ಇರ್ತೈತಿ, ಸೈಜ್ ತಪ್ಪೋ ಮಾತಿಲ್ಲ. ಆದ್ರ ಹದಿನೈದು ಇಪ್ಪತ್ತು ವರ್ಷದ ಕಾರಿನ್ಯಾಗ ಕುಂತಿರೋದು ನಾಕನೇದೋ ಐದನೇದೋ ಬ್ಯಾಟರಿ, ನಡುವ ಯಾರೋ ಒಬ್ಬ ಮೆಕ್ಯಾನಿಕ್ ಅವತ್ತು ಕೈಗೆ ಸಿಕ್ಕಿದ್ದು ಕುಂದ್ರಿಸಿರ್ತಾನ, ಅವನ ಮುಂದಿನವ ಅದನ್ನ ನೋಡಿ ಅದೇ ನಂಬರ್ ಹಾಕಿರ್ತಾನ, ಈಗ ನೀವು ಬಂದು ಮತ್ತ ಅದನ್ನೇ ಕೇಳ್ತೀರಿ. ಅದಕ್ಕ ಹಳೇ ಗಾಡಿ ಅಂದ್ರ ನಾನು ಬ್ಯಾಟರಿ ಮ್ಯಾಲಿನ ನಂಬರ್ ಆಮ್ಯಾಲ ನೋಡ್ತೀನಿ, ಮೊದ್ಲು ಟೇಪ್ ಹಿಡದು ಬ್ಯಾಟರಿ ಕುಂದ್ರೋ ಟ್ರೇ ಅಳೀತೀನಿ.

ಮಸ್ಕಿ ಕಡೆಯಿಂದ ಒಬ್ರು ರಿಟೈರ್ಡ್ ಮಾಸ್ತರ್ರು ಮಾರುತಿ 800 ತಂದಿದ್ರು, ಸಿಂಧನೂರಿಗೆ ಸಂತಿಗೆ ಬಂದಾಗ ನಿಂತ್ಬಿಟ್ಟಿತ್ತು. ಬಾನೆಟ್ ಎತ್ತಿದ್ರ ಬ್ಯಾಟರಿಗೆ ಕ್ಲಾಂಪೇ ಇಲ್ಲ, ಸೈಕಲ್ ಟ್ಯೂಬಿನ್ಯಾಗ ಬಿಗದು ಕಟ್ಟಿ ಪಕ್ಕದಾಗ ಥರ್ಮಾಕೋಲ್ ತುರುಕಿದ್ದಾರ. ಬಾನೆಟ್ ಒಳಮೈ ಮ್ಯಾಲ ಪ್ಲಸ್ ಟರ್ಮಿನಲ್ ನೇರಕ್ಕ ಬಣ್ಣ ಸುಟ್ಟು ನಾಕಾಣೆ ಅಗಲ ಕರೀ ಕಲೆ, ನಡುವ ಸಣ್ಣ ಕುಳಿ. ಬ್ಯಾಟರಿ ಎತ್ತರ ಹೆಚ್ಚಾಗಿ ಗುಂಡಿ ಹಾರಿದಾಗೆಲ್ಲ ಟರ್ಮಿನಲ್ಲು ಬಾನೆಟ್ಟಿಗೆ ತಾಗಿ ಕಿಡಿ ಹಾರ್ತಿತ್ತು. ಯಾರೋ ಅದಕ್ಕ ಪರಿಹಾರ ಅಂತ ಒಂದು ತುಂಡು ರಬ್ಬರ್ ಮ್ಯಾಟ್ ಅಂಟಿಸಿದ್ರು, ಅದೂ ಅರ್ಧ ಕರಗಿತ್ತು. "ಮಾಸ್ತರ್ರ, ಬ್ಯಾಟರಿ ಹೋತು ಅಂತ ಬೇಜಾರಾಗಬ್ಯಾಡ್ರಿ, ಕಾರು ಉಳೀತಲ್ಲ" ಅಂದೆ. ಅವ್ರಿಗೆ ನಗು ಬರಲಿಲ್ಲ.

ಈಗ ನಂಬರಿನ ವಿಷಯ. ನಮ್ಮ ಸಣ್ಣ ಕಾರುಗಳಿಗೆ ಬರೋದು ಹೆಚ್ಚಾಗಿ ಜಪಾನಿ ಪದ್ಧತಿದು, 38ಬಿ20ಎಲ್ ಅಂತ ಬರದಿರ್ತೈತಿ. 38 ಅಂದ್ರ ಆಂಪಿಯರ್ ಅವರ್, ಅಂದ್ರ ಬ್ಯಾಟರಿ ಹಿಡಿಯೋ ಕರೆಂಟು, ಅಂತ ಭಾಳ ಮಂದಿ ತಿಳಕೊಂಡಾರ, ಅಲ್ಲ, ಅದು ಬ್ಯಾಟರಿ ತಾಕತ್ತಿಗೆ ಕೊಟ್ಟ ಒಂದು ದರ್ಜೆ, ಆ ಬ್ಯಾಟರಿ ನಮ್ಮಲ್ಲಿ ಮಾರೋದು 35 ಆಂಪಿಯರ್ ಅವರ್ ಅಂತ. ಬಿ ಅನ್ನೋದು ಅಗಲ ಎತ್ತರದ ಗುರುತು, ಬಿ ಅಂದ್ರ ಸುಮಾರು 129 ಮಿಲಿಮೀಟರ್ ಅಗಲ, ಡಿ ಅಂದ್ರ 173. ಅದರ ಮುಂದಿನ 20 ಅಂದ್ರ ಉದ್ದ, ಸೆಂಟಿಮೀಟರಿನ್ಯಾಗ, ಬಿ20 ಇದ್ರ 197 ಮಿಲಿಮೀಟರ್ ಆಸುಪಾಸು, ಬಿ24 ಇದ್ರ 238. ಇಷ್ಟು ಗೊತ್ತಿದ್ರ ಟ್ರೇ ಅಳದು ನೀವೇ ಹೇಳಬಹುದು ಯಾವುದು ಕುಂದ್ರತೈತಿ ಯಾವುದು ಕುಂದ್ರಲ್ಲ ಅಂತ.

ಕೊನೀ ಅಕ್ಷರ ಎಲ್ ಅಥವಾ ಆರ್, ಇದರಾಗ ಎಡವಟ್ಟು ಹೆಚ್ಚು. ಟರ್ಮಿನಲ್ ಎರಡೂ ನಿಮ್ಮ ಕಡಿಗೆ ಇರೋ ಹಂಗ ಬ್ಯಾಟರಿ ಇಟ್ಟು ನೋಡ್ರಿ, ಪ್ಲಸ್ ಬಲಕ್ಕ ಇದ್ರ ಎಲ್, ಎಡಕ್ಕ ಇದ್ರ ಆರ್. ತಪ್ಪಿದ್ದು ತಂದ್ರ ಕೇಬಲ್ ಮುಟ್ಟಲ್ಲ, ಆಗ ಎಳದು ಎಳದು ಹಾಕ್ತಾರ, ಇಲ್ಲಾ ಬ್ಯಾಟರಿನ ತಿರುಗಿಸಿ ಇಡ್ತಾರ, ಅದರಾಗ ಪ್ಲಸ್ ಹೋಗಿ ಬಾಡಿ ತಗಡಿನ ಪಕ್ಕ ಕುಂದ್ರತೈತಿ. ಗಡಿಬಿಡಿನ್ಯಾಗ ಉಲ್ಟಾ ಕೊಟ್ರಂತೂ ಬ್ಯಾಟರಿ ತುಂಬಸೋ ಡೈನಮೋದಾಗಿನ (ಆಲ್ಟರ್ನೇಟರ್) ಡಯೋಡ್ ಸುಟ್ಟು ಬ್ಯಾಟರಿಗಿಂತ ಹೆಚ್ಚಿನ ಖರ್ಚು ಬರ್ತೈತಿ.

ಇನ್ನೊಂದು ಜಾತಿ ಡಿನ್ ಬ್ಯಾಟರಿ, ಅಂದ್ರ ಜರ್ಮನಿ ಪದ್ಧತಿದು. ಇದು 175 ಮಿಲಿಮೀಟರ್ ಅಗಲ, ಎತ್ತರ ಕಡಿಮಿ, ಟರ್ಮಿನಲ್ ಮ್ಯಾಲಕ್ಕ ಎದ್ದಿರಲ್ಲ, ಮುಚ್ಚಳದ ಮಟ್ಟಕ್ಕ ತಗ್ಗಿನ್ಯಾಗ ಇರ್ತಾವ. ಇದರ ಕ್ಲಾಂಪು ಬುಡದಾಗ ಹಿಡಿಯೋದು, ಜಪಾನಿದು ಮ್ಯಾಲಿಂದ ಪಟ್ಟಿ ಹಾಕಿ ಉದ್ದನೆ ಬೋಲ್ಟಿನ್ಯಾಗ ಬಿಗಿಯೋದು. ಒಂದರ ಟ್ರೇದಾಗ ಇನ್ನೊಂದು ಇಟ್ರ ಹಿಡಿಯೋಕ ಏನೂ ಇರಲ್ಲ, ಮತ್ತ ಮಾಸ್ತರ್ರ ಕಾರಿನಂಗ ಸೈಕಲ್ ಟ್ಯೂಬೇ ಗತಿ. ಕ್ಲಾಂಪ್ ಇಲ್ಲದ್ದು ಸಣ್ಣ ಮಾತು ಅನಕೋಬ್ಯಾಡ್ರಿ, ಕಾಲುವಿ ದಂಡಿ ರಸ್ತೆ, ಕ್ಯಾಂಪಿನ ಮಣ್ಣು ದಾರಿ ಇವೆಲ್ಲಾ ದಿನಾ ಕುಲುಕಿದ್ರ ಬ್ಯಾಟರಿ ಒಳಗಿನ ಸೀಸದ ಪ್ಲೇಟಿನ ಮ್ಯಾಲಿನ ಮಸಾಲಿ ಉದುರಿ ತಳಕ್ಕ ಕೂತು ಸೆಲ್ ಶಾರ್ಟ್ ಆಗ್ತೈತಿ.

ಟರ್ಮಿನಲ್ ದಪ್ಪ ಸೈತ ನೋಡ್ರಿ. ಬಿ ಸೈಜಿನ ಬ್ಯಾಟರಿಗೆ ಸಾಮಾನ್ಯವಾಗಿ ತೆಳು ಟರ್ಮಿನಲ್, ಕೊನಿಗೆ ಎಸ್ ಅಂತ ಇದ್ರ ದಪ್ಪಂದು. ಕೇಬಲ್ ತುದೀಗಿನ ದಪ್ಪ ಕ್ಲಾಂಪಿಗೆ ತೆಳು ಟರ್ಮಿನಲ್ ಬಂದ್ರ ನಡುವ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ್ದೂ ನೋಡೀನಿ. ಅದಕ್ಕಂತ ಸೀಸದ ಬುಷ್ ಸಿಗ್ತಾವ, ಅದನ್ನ ಹಾಕಸ್ರಿ.

ಸೈಜ್ ಗೊತ್ತಾತು ಅಂದ್ರ ಆಮ್ಯಾಲ ಆಂಪಿಯರ್ ಲೆಕ್ಕ. ಆಂಪಿಯರ್ ಅವರ್ ಅಂದ್ರ ಕೆರಿಯಾಗ ಇರೋ ನೀರು, ಸಿಸಿಎ (ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್, ಚಳಿಯಾಗ ಸೆಲ್ಫಿಗೆ ಕೊಡೋ ಜೋರು ಕರೆಂಟು) ಅಂದ್ರ ತೂಬು ಎಷ್ಟು ಅಗಲ ಐತಿ ಅನ್ನೋದು. ಸಿಸಿಎ ಅಳಿಯೋದು ಮೈನಸ್ 18 ಡಿಗ್ರಿ ಚಳಿಯಾಗ, ಸಿಂಧನೂರಿನ್ಯಾಗ ಮೈನಸ್ 18 ಎಲ್ಲಿಂದ ತರ್ತೀರಿ, ಹಂಗಾಗಿ ಅದರ ಸಲುವಾಗಿ ಹೆಚ್ಚಿಗೆ ರೊಕ್ಕ ಕೊಡಬ್ಯಾಡ್ರಿ ಅಂತ ನನ್ನ ಅಭಿಪ್ರಾಯ, ಕಂಪನಿ ಹೇಳಿದಷ್ಟಿದ್ರ ಸಾಕು. ಡೀಸೆಲ್ ಗಾಡಿ ಮಾತು ಬ್ಯಾರೆ. ಹಳೇ ಸುಮೋ, ಇಂಡಿಕಾ, ಬೊಲೆರೋ ಇವುಗಳ ಕಂಪ್ರೆಷನ್ ಪೆಟ್ರೋಲ್ ಇಂಜಿನ್ನಿನ ಎರಡು ಪಟ್ಟು ಆಸುಪಾಸು, ತಿರುಗಿಸಾಕ ಜೋರು ಬೇಕು, ಅದರ ಮ್ಯಾಲ ಇಂಜಿನ್ ಒಳಗ ಬಿಸಿ ಮಾಡೋ ಹೀಟರ್ ಪ್ಲಗ್ ಇರೋ ಇಂಜಿನ್ನಾದ್ರ ಸೆಲ್ಫ್ ಹೊಡಿಯೋಕ್ ಮುಂಚೇನೇ ಅವು ತಮ್ಮ ಪಾಲು ಕುಡೀತಾವ. ಇಂಥದಕ್ಕ ಅಗ್ಗ ಸಿಗ್ತು ಅಂತ ಸಣ್ಣದು ಹಾಕಿದ್ರ ಮೊದಲ ಮಳಿಗಾಲದಾಗೇ ನೂಕೋದು ಶುರು.

"ದೊಡ್ಡದು ಹಾಕಿದ್ರ ಡೈನಮೋ ಸುಡ್ತೈತಂತಲ್ರೀ?" ಇದು ಎಲ್ಲಾರೂ ಕೇಳ್ತಾರ. ಇಲ್ಲ. ವೋಲ್ಟೇಜ್ ಎರಡೂ 12ನೇ, ಸೆಲ್ಫ್ ಮೋಟಾರ್ ತನಗ ಬೇಕಾದಷ್ಟೇ ಎಳಕೊಳ್ತೈತಿ. ಲೆಕ್ಕ ಹಾಕಿ ನೋಡ್ರಿ, ಸಣ್ಣ ಪೆಟ್ರೋಲ್ ಕಾರು 150 ಆಂಪಿಯರ್ ಎಳದು ಎರಡು ಸೆಕೆಂಡಿನ್ಯಾಗ ಸ್ಟಾರ್ಟ್ ಆದ್ರ ಬ್ಯಾಟರಿಯಿಂದ ಹೋಗಿದ್ದು 0.1 ಆಂಪಿಯರ್ ಅವರ್ ಕೂಡ ಅಲ್ಲ, ಬ್ಯಾಟರಿ 35 ಇರ್ಲಿ 45 ಇರ್ಲಿ ಡೈನಮೋ ವಾಪಸ್ ತುಂಬೋದು ಅಷ್ಟೇ. ಟ್ರೇದಾಗ ಸರಿಯಾಗಿ ಕುಂದ್ರತೈತಿ, ಕ್ಲಾಂಪ್ ಹಿಡೀತೈತಿ, ಬಾನೆಟ್ ಮುಟ್ಟಲ್ಲ ಅಂದ್ರ ಒಂದು ಮೆಟ್ಟಿಲು ಮ್ಯಾಲಿಂದು ಹಾಕಸ್ರಿ, ತಕರಾರಿಲ್ಲ, ಹಾಡಿನ ಟೇಪು ಆಂಪ್ಲಿಫೈಯರು ಎಕ್ಸ್ಟ್ರಾ ಲೈಟು ಹಾಕಿದೋರಿಗೆ ಅದು ಬೇಕು ಸೈತ. ಆದ್ರ 35ರ ಜಾಗಕ್ಕ ಟ್ರ್ಯಾಕ್ಟರ್ ಬ್ಯಾಟರಿ ತಂದು ಇಡೋದು ಸುಮ್ನ ಭಾರ. ಕಾರು ವಾರಕ್ಕೊಮ್ಮೆ ಬಜಾರಿಗೆ ಹೋಗಿ ಬರೋದಷ್ಟೇ ಆದ್ರ, ಒಮ್ಮೆ ಇಳದ ದೊಡ್ಡ ಬ್ಯಾಟರಿ ಪೂರ್ತಿ ಏರೋದೇ ಇಲ್ಲ, ಅರ್ಧ ಚಾರ್ಜಿನ್ಯಾಗ ಉಳದು ಪ್ಲೇಟಿಗೆ ಸಲ್ಫೇಟ್ ಹಿಡೀತೈತಿ. ಇನ್ನ ಮನೀ ಇನ್ವರ್ಟರ್ ಬ್ಯಾಟರಿ ಕಾರಿಗೆ ಹಾಕೋ ವಿಚಾರ ಬಿಟ್ಬಿಡ್ರಿ, ಅದರ ಪ್ಲೇಟು ದಪ್ಪ, ನಿಧಾನಕ ತಾಸುಗಟ್ಲೆ ಕೊಡಾಕ ಮಾಡಿದ್ದು, ಸೆಲ್ಫಿಗೆ ಬೇಕಾದ್ದು ಒಂದೇ ಸಲದ ಜೋರು.

ನಮ್ಮ ಕಡೆ ಬ್ಯಾಟರಿ ಸಾಯೋದು ಬಿಸಲಿಗೆ. ಏಪ್ರಿಲ್ ಮೇದಾಗ ಹೊರಗ 42 ಇದ್ರ ಬಾನೆಟ್ ಒಳಗ ಎಷ್ಟಿರಬೇಕು, ನೀವೇ ಕೈ ಹಾಕಿ ನೋಡ್ರಿ. ಪ್ರತಿ 10 ಡಿಗ್ರಿ ಏರಿದ್ರ ಬ್ಯಾಟರಿ ಆಯುಷ್ಯ ಅರ್ಧಕ್ಕ ಬರ್ತೈತಿ ಅನ್ನೋದು ಈ ಕೆಲಸದಾಗಿನ ಹಳೇ ಅಂದಾಜು. ಬ್ಯಾಸಗಿಯಾಗ ಸೊರಗಿದ್ದು ಗೊತ್ತಾಗೋದು ಮಳಿ ಬಿದ್ದು ತಂಪಾದ ಮ್ಯಾಲ, ಅದಕ್ಕ ಜುಲೈದಾಗ ನಮ್ಮ ಅಂಗಡಿ ಮುಂದ ಸಾಲು. ಹಂಗಾಗಿ ಮುಚ್ಚಳ ಬಿಚ್ಚಿ ನೀರು ಹಾಕೋ ಥರದ್ದು ಸಿಕ್ರ ಹಳೇ ಕಾರಿಗೆ ನಾನು ಅದನ್ನೇ ಹೇಳ್ತೀನಿ, ತಿಂಗಳಿಗೊಮ್ಮೆ ನೋಡೋ ರೂಢಿ ಇದ್ದೋರಿಗೆ ಮಾತ್ರ. ಹಾಕೋದು ಡಿಸ್ಟಿಲ್ ವಾಟರ್ರೇ, ಬೋರಿನ ನೀರಲ್ಲ, ಫಿಲ್ಟರ್ ನೀರಲ್ಲ, ಆಸಿಡ್ ಅಂತೂ ಅಲ್ವೇ ಅಲ್ಲ.

ಇಷ್ಟೆಲ್ಲಾ ಮಾಡೋಕ್ ಮುಂಚೆ ಬ್ಯಾಟರಿ ನಿಜಕ್ಕೂ ಹೋಗೇತೇನು ಅಂತ ನೋಡ್ರಿ. ರಾತ್ರಿಯೆಲ್ಲಾ ನಿಂತ ಕಾರಿನ ಬ್ಯಾಟರಿ ಮೀಟರಿನ್ಯಾಗ 12.6 ವೋಲ್ಟ್ ತೋರಿಸಬೇಕು, 12.2 ಅಂದ್ರ ಅರ್ಧ ಖಾಲಿ. ಇಂಜಿನ್ ಚಾಲೂ ಇದ್ದಾಗ 13.8ರಿಂದ 14.4 ಬರಬೇಕು, ಅದರ ಕೆಳಗಿದ್ರ ಡೈನಮೋ ತುಂಬಸ್ತಿಲ್ಲ, 15 ಮುಟ್ಟಿದ್ರ ರೆಗ್ಯುಲೇಟರ್ ಹೋಗಿ ಬ್ಯಾಟರಿನ ಕುದಿಸ್ತೈತಿ, ಎರಡರಾಗೂ ಹೊಸಾ ಬ್ಯಾಟರಿ ಹಾಕಿದ್ರ ಅದೂ ಅದೇ ದಾರಿ ಹಿಡೀತೈತಿ. ಹಳೇ ಗಾಡಿಯಾಗ ಇಂಜಿನ್ನಿಂದ ಬಾಡಿಗೆ ಬರೋ ಅರ್ತಿಂಗ್ ಪಟ್ಟಿ ತುಕ್ಕು ಹಿಡದಿರ್ತೈತಿ, ಅದನ್ನ ಉಜ್ಜಿ ಬಿಗಿ ಮಾಡಿದ್ದಕ್ಕೇ ಸೆಲ್ಫ್ ಗಿರ್ರನೆ ತಿರುಗಿ, ಬ್ಯಾಟರಿ ತಗೋಳಾಕ ಬಂದೋರು ಚಾ ಕುಡದು ಹೋಗ್ಯಾರ. ಕಾರು ನಿಂತಾಗ ಕರೆಂಟ್ ಸೋರೋದನ್ನೂ ನೋಡಬೇಕು, 50 ಮಿಲಿಆಂಪಿಯರ್ ದಾಟಿದ್ರ ಹೊರಗಿಂದ ಹಾಕಿಸಿದ ಟೇಪೋ ಸೆಂಟ್ರಲ್ ಲಾಕೋ ಕಳ್ಳ ಅಂತ ತಿಳೀರಿ.

"ಎಕ್ಸೈಡ್ ಒಳ್ಳೇದಾ ಅಮರಾನ್ ಒಳ್ಳೇದಾ" ಅಂತ ಕೇಳಿದ್ರ ನಾನು ತಯಾರಾದ ತಾರೀಖು ತೋರಿಸು ಅಂತೀನಿ. ಗೋಡಾನಿನ ಬಿಸಿಯಾಗ ಆರು ತಿಂಗಳು ಕುಂತ ಬ್ಯಾಟರಿ ಯಾವ ಹೆಸರಿಂದಾದ್ರೂ ಅಷ್ಟೇ. ಎರಡು ಮೂರು ತಿಂಗಳ ಒಳಗಿಂದು ಕೇಳ್ರಿ, ನಿಮ್ಮ ಕಣ್ಣ ಮುಂದ ಮೀಟರ್ ಹಚ್ಚಲಿ, 12.5 ಇಲ್ಲಾಂದ್ರ ಚಾರ್ಜ್ ಮಾಡಿ ಕೊಡು ಅನ್ರಿ.

ಮನಿಯಾಗೇ ಬದಲಿ ಮಾಡೋರು ಮೈನಸ್ ಮೊದ್ಲು ಬಿಚ್ರಿ, ಹಾಕುವಾಗ ಮೈನಸ್ ಕೊನಿಗೆ. ಪ್ಲಸ್ ಮೊದ್ಲು ಬಿಚ್ಚಾಕ ಹೋಗಿ ಪಾನಾ ಬಾಡಿಗೆ ತಾಗಿದ್ರ ಪಾನಾನೇ ಕೆಂಪಗ ಕಾಯ್ತೈತಿ, ಕೈಯಾಗ ಉಂಗುರ ಕಡಗ ಇದ್ರ ತಗದಿಡ್ರಿ. ಹಳೇದನ್ನ ಗುಜರಿಯವಗ ಕೊಡಬ್ಯಾಡ್ರಿ, ಅದರಾಗಿನ ಸೀಸಕ್ಕ ಬೆಲಿ ಐತಿ, ಎಕ್ಸ್‌ಚೇಂಜಿನ್ಯಾಗ ಬಿಲ್ಲಿಂದ ಕಡಿಮಿ ಮಾಡಸ್ರಿ. ವಾರಂಟಿ ಕಾರ್ಡಿನ್ಯಾಗ ಗಾಡಿ ನಂಬರು, ಬ್ಯಾಟರಿ ಸೀರಿಯಲ್ ನಂಬರು, ತಾರೀಖು ಮೂರೂ ಬರಸ್ರಿ, ಟ್ಯಾಕ್ಸಿ ಪಾಸಿಂಗ್ ಗಾಡಿ ಆದ್ರ ಅದನ್ನ ಮುಚ್ಚಿಡಬ್ಯಾಡ್ರಿ, ಅದಕ್ಕ ವಾರಂಟಿ ನಿಯಮ ಬ್ಯಾರೆ ಇರ್ತೈತಿ, ಆಮ್ಯಾಲ ಕ್ಲೇಮ್ ನಿಂತ್ರ ನನ್ನ ಮ್ಯಾಲ ಸಿಟ್ಟು ಮಾಡಿ ಉಪಯೋಗಿಲ್ಲ.