ಹತ್ತು ಹೆಸರಿದ್ದೂ ಆಟ ಏಕೆ ರೈಸುವುದಿಲ್ಲ?

ದೊಡ್ಡ ನಟರನ್ನೆಲ್ಲ ಒಂದೇ ಪೋಸ್ಟರಿಗೆ ತಂದ ಸಿನಿಮಾ ಮೊದಲ ವಾರಕ್ಕೇ ಮಗುಚಿದರೆ ‘ಕಥೆನೇ ಇರ್ಲಿಲ್ಲ’ ಎಂದು ನಮ್ಮ ಜನ ಥಟ್ಟನೆ ಹೇಳುತ್ತಾರೆ. ಅದೇ ಜನ ಮಳೆಗಾಲದಲ್ಲಿ ಶಿರಸಿಯಲ್ಲೋ ಹೊನ್ನಾವರದಲ್ಲೋ ಸಭಾಭವನ ಹಿಡಿದು ಯಕ್ಷಗಾನದ ಆಟ ಇಟ್ಟುಕೊಂಡಾಗ ಮಾತ್ರ ಹೆಸರು ಮೊದಲು, ಪ್ರಸಂಗ ಅಂದರೆ ಆಡುವ ಕಥೆ ಆಮೇಲೆ. ಮೇಳಗಳ (ಯಕ್ಷಗಾನ ತಂಡಗಳ) ತಿರುಗಾಟ ಮುಗಿದಿರುತ್ತದೆ, ಬೇರೆ ಬೇರೆ ಮೇಳದ ಕಲಾವಿದರು ಬಿಡುವಾಗಿ ಸಿಗುತ್ತಾರೆ, ಬ್ಯಾನರಿನ ತುಂಬ ಫೋಟೊ ಕೂರುತ್ತದೆ. ಆಟ ಮುಗಿದ ಮೇಲೆ ‘ಎಲ್ರೂ ಚೆನ್ನಾಗೇ ಮಾಡಿದ್ರು, ಯಾಕೋ ರೈಸ್ಲಿಲ್ಲ’ ಎನ್ನುತ್ತಾರೆ, ಅಂದರೆ ಕಳೆಗಟ್ಟಲಿಲ್ಲ. ಆ ‘ಯಾಕೋ’ ಏನೆಂದು ಗಡಿಯಾರವನ್ನೂ ಪದ್ಯದ ಪಟ್ಟಿಯನ್ನೂ ಮುಂದಿಟ್ಟುಕೊಂಡರೆ ಆಟಕ್ಕೆ ಮೊದಲೇ ಗೊತ್ತಾಗುತ್ತದೆ.

ಕಾಲಮಿತಿಯ ಆಟಕ್ಕೆ ನಾಲ್ಕು ತಾಸು ಹಿಡಿಯೋಣ, 240 ನಿಮಿಷ. ದೀಪ, ಸ್ವಾಗತ, ಸನ್ಮಾನಕ್ಕೆ 30 ನಿಮಿಷ ಹೋದರೆ ಉಳಿದದ್ದು 210. ಪದ್ಯ ಹಾಡಿ, ಕುಣಿದು, ಅರ್ಥ ಹೇಳಿ ಮುಗಿಸಲು ಸರಾಸರಿ ಆರು ನಿಮಿಷ ಎಂಬುದು ನನ್ನ ಲೆಕ್ಕ. ಕುಣಿತದ ಪದ್ಯ ಹತ್ತರವರೆಗೂ ಎಳೆಯುತ್ತದೆ, ಕಥೆ ಸಾಗಿಸುವ ಪದ್ಯ ಎರಡಕ್ಕೇ ಮುಗಿಯುತ್ತದೆ. ಅಂದರೆ ಇಡೀ ಆಟಕ್ಕೆ ಸುಮಾರು 35 ಪದ್ಯ. ಇನ್ನು ಹೆಸರಾಂತ ಕಲಾವಿದರ ಪ್ರವೇಶಕ್ಕೇ 12ರಿಂದ 15 ನಿಮಿಷ ಬೇಕು. ಜನ ಬರುವುದೇ ಅದನ್ನು ನೋಡಲು. ಮೊಟಕು ಮಾಡಿ ಎಂದು ಕಲಾವಿದರಿಗೆ ಹೇಳುವುದು ನ್ಯಾಯವಲ್ಲ. ಎಂಟು ಹೆಸರಿಗೆ ಎಂಟು ಪ್ರವೇಶ ಕೊಟ್ಟರೆ 96ರಿಂದ 120 ನಿಮಿಷ ಅಲ್ಲೇ ಹೋಯಿತು. ಉಳಿದ ಹೊತ್ತಿಗೆ ಹಿಡಿಸುವುದು 15ರಿಂದ 19 ಪದ್ಯ. ಪ್ರಸಂಗ ಪೂರ್ತಿ ಅಷ್ಟರಲ್ಲೇ ನಡೆಯಬೇಕು.

ಇಷ್ಟು ವಿವರಿಸಿದ ಮೇಲೂ ಸಂಘಟಕರು, ಪದ್ಯ ಹಾಡಿ ಆಟ ನಡೆಸುವ ಭಾಗವತರಿಗೆ ‘ಸ್ವಲ್ಪ ಹೊಂದಿಸ್ಕೊಳ್ಳಿ ಭಾಗವತ್ರೇ’ ಎನ್ನುತ್ತಾರೆ. ಹೊಂದಿಸುವುದೆಂದರೆ ಪದ್ಯ ಬಿಡುವುದು. ಯಾರ ಪದ್ಯ ಬಿಡುವುದು? ಬ್ಯಾನರಿನಲ್ಲಿ ಫೋಟೊ ಇಲ್ಲದವರದ್ದು. ಆಟ ಕೆಡುವುದು ಅಲ್ಲಿ.

ಕೀಚಕ ವಧೆಯನ್ನೇ ತೆಗೆದುಕೊಳ್ಳಿ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ಕಂಡ ಜಿಲ್ಲೆ ನಮ್ಮ ಉತ್ತರ ಕನ್ನಡ, ಹಾಗಾಗಿ ಆ ಪಾತ್ರಕ್ಕೆ ದೊಡ್ಡ ಹೆಸರು ಬೇಕೇಬೇಕು. ಸೈರಂಧ್ರಿಗೆ (ಮಾರುವೇಷದ ದ್ರೌಪದಿಗೆ) ಒಬ್ಬರು, ವಲಲನಿಗೆ (ಮಾರುವೇಷದ ಭೀಮನಿಗೆ) ಇನ್ನೊಬ್ಬರು. ಕೀಚಕನ ಅಕ್ಕ, ರಾಣಿ ಸುದೇಷ್ಣೆಗೆ? ‘ಯಾರಾದ್ರೂ ಹುಡುಗ್ರು ಮಾಡ್ತಾರೆ ಬಿಡಿ.’ ಆದರೆ ಕಥೆ ತಿರುಗುವುದು ಸುದೇಷ್ಣೆಯ ಕೈಯಲ್ಲಿ. ತಮ್ಮ ಬಂದು ಸೈರಂಧ್ರಿ ಬೇಕೆಂದು ಅಂಗಲಾಚುತ್ತಾನೆ. ಗಂಧರ್ವರು ಕಾಯುವ ಹೆಣ್ಣು, ಬೇಡ ಎಂದು ಅವಳು ತಿಳಿಹೇಳುತ್ತಾಳೆ. ಅವನು ಹಟ ಹಿಡಿಯುತ್ತಾನೆ. ಕೊನೆಗೆ ಸೋತು, ಮಧು ತರುವ ನೆಪದಲ್ಲಿ ಸೈರಂಧ್ರಿಯನ್ನು ಅವನ ಮನೆಗೆ ಕಳಿಸುತ್ತಾಳೆ. ಇದಕ್ಕೆ ಕಡಿಮೆಯೆಂದರೂ 15 ನಿಮಿಷ ಬೇಕು, ರಾಣಿಯ ಗತ್ತನ್ನೂ ಅಕ್ಕನ ಸಂಕಟವನ್ನೂ ಒಟ್ಟಿಗೆ ತೋರಬಲ್ಲ ಸ್ತ್ರೀವೇಷ ಬೇಕು. ಹೊಸ ಹುಡುಗ ಬಾಯಿಪಾಠದ ಎರಡು ಮಾತು ಹೇಳಿ ‘ಆಗಲಿ ತಮ್ಮಾ’ ಎಂದುಬಿಟ್ಟರೆ ಕೀಚಕನಿಗೆ ಬೇಡುವುದಕ್ಕೇ ಅವಕಾಶವಿಲ್ಲ. ಇದಿರು ಪಾತ್ರ ಒಡ್ಡಿದಷ್ಟೇ ಈ ಪಾತ್ರ ಏಳುವುದು. ಅವಳು ಬೇಗ ಸೋತರೆ ಕಾಮುಕನ ಹಟವೂ ಕಾಣುವುದಿಲ್ಲ, ಸೈರಂಧ್ರಿ ಎಂಥ ಇಕ್ಕಟ್ಟಿಗೆ ಸಿಕ್ಕಳೆಂಬುದೂ ಜನರಿಗೆ ತಟ್ಟುವುದಿಲ್ಲ. ಕತ್ತಲ ನಾಟ್ಯಶಾಲೆಯಲ್ಲಿ ವಲಲ ಎಷ್ಟು ಚೆನ್ನಾಗಿ ಕುಣಿದರೂ ಚಪ್ಪಾಳೆ ಬೀಳುತ್ತದೆ, ಕಥೆ ಮುಗಿದ ತೃಪ್ತಿ ಸಿಗುವುದಿಲ್ಲ.

ಹಿಮ್ಮೇಳದ (ಹಾಡು, ವಾದ್ಯದವರ) ತೊಂದರೆಯೂ ಇದೇ ಬಗೆಯದು. ಇಬ್ಬರು ಭಾಗವತರನ್ನು ಕರೆದರೆ ಎರಡು ಶ್ರುತಿ. ಒಂದಕ್ಕೆ ಕೂಡಿಸಿದ ಮದ್ದಲೆ ಇನ್ನೊಂದಕ್ಕೆ ಕೂಡದಿರಬಹುದು. ಎರಡನೇ ಮದ್ದಲೆ ಸಿದ್ಧವಿರಲಿ. ಯಾವ ಪದ್ಯ ಬಿಡುವುದೆಂಬ ತೀರ್ಮಾನ ಮಾತ್ರ ಒಬ್ಬರದ್ದೇ ಆಗಬೇಕು. ಅದು ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಇತ್ಯರ್ಥವಾಗದಿದ್ದರೆ ವೇಷಧಾರಿ ಒಂದು ಪದ್ಯ ಎಣಿಸಿ ನಿಂತಿರುತ್ತಾರೆ, ಭಾಗವತರು ಮುಂದಿನದನ್ನು ಎತ್ತಿರುತ್ತಾರೆ. ಕುಮಟೆಯಲ್ಲಿ ಒಂದು ವೇಷ ಮುಗಿಸಿ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರುವವರು ಚೌಕಿಗೆ ಕಾಲಿಡುವಾಗ ಇಲ್ಲಿ ಅರ್ಧ ಆಟ ಆಗಿರುತ್ತದೆ. ಅವರೊಡನೆ ಮಾತಾಡಲು ಸಮಯವೆಲ್ಲಿ? ಸಿನಿಮಾದವರಿಗೆ ಸಂಕಲನದಲ್ಲಿ ಒಂದಿಷ್ಟು ಸರಿಪಡಿಸುವ ಅವಕಾಶವಾದರೂ ಇದೆ, ರಂಗಸ್ಥಳದಲ್ಲಿ ಅದಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದಂಥ ತಂಡಗಳ ಬಲ ಒಟ್ಟಿಗಿರುವುದರಲ್ಲೇ ಇದೆ. ಯಾರು ಎಲ್ಲಿ ಬಿಡುತ್ತಾರೆ, ಯಾರು ಎಲ್ಲಿ ಎತ್ತಿಕೊಳ್ಳುತ್ತಾರೆಂಬುದು ಮೇಳದವರಿಗೆ ರೂಢಿಯಾಗಿರುತ್ತದೆ.

ಹಾಗಾಗಿ ಆಟ ವಹಿಸಿಕೊಳ್ಳುವವರಲ್ಲಿ ನನ್ನ ಕೋರಿಕೆ: ಪ್ರಸಂಗ ನಿಶ್ಚಯಿಸಿ, ಮೊದಲು ಮುಖ್ಯ ಭಾಗವತರಿಗೆ ಫೋನ್ ಮಾಡಿ. ಅವರಿಂದ ಪದ್ಯದ ಪಟ್ಟಿ ಬರೆಸಿ, ಪ್ರತಿ ಪದ್ಯದ ಎದುರು ಪಾತ್ರದ ಹೆಸರು ಹಾಕಿ. ನಾಲ್ಕಕ್ಕಿಂತ ಕಡಿಮೆ ಪದ್ಯವಿರುವ ಪಾತ್ರಕ್ಕೆ ಪ್ರವೇಶದ ಕುಣಿತ ಬೇಡ, ಆದರೆ ಅನುಭವಿ ಕಲಾವಿದರು ಬೇಕು. ದೊಡ್ಡ ಹೆಸರು ಮೂರು ಸಾಕು, ಅದರಲ್ಲಿ ಇಬ್ಬರು ಇದಿರುಬದಿರಾಗುವ ಪಾತ್ರದವರೇ ಆಗಿರಲಿ. ಸನ್ಮಾನವನ್ನು ಆಟದ ನಡುವೆ ತರಬೇಡಿ; ಏರಿದ ಕಾವು ಮತ್ತೆ ಏರಲು ಎರಡು ಮೂರು ಪದ್ಯ ಹಿಡಿಯುತ್ತದೆ.

ಎಂಟು ಮಂದಿಗೆ ಆಗಲೇ ವೀಳ್ಯ ಕೊಟ್ಟು ಒಪ್ಪಿಸಿ ಆಗಿದ್ದರೂ ದಾರಿ ಉಂಟು. ಎರಡೆರಡು ತಾಸಿನ ಎರಡು ಪ್ರಸಂಗ ಮಾಡಿ ನಾಲ್ಕು ನಾಲ್ಕು ಹೆಸರು ಹಂಚಬಹುದು. ಆದರೆ ಆಗ ಪ್ರವೇಶದ ಹೊತ್ತು ಅರ್ಧಕ್ಕಿಳಿಯುತ್ತದೆ, ಅದನ್ನು ಕಲಾವಿದರಿಗೆ ಮೊದಲೇ ತಿಳಿಸಬೇಕು. ಇಲ್ಲವೇ ಹಿರಿಯ ಸ್ತ್ರೀವೇಷಧಾರಿಯೊಬ್ಬರಲ್ಲಿ ಸುದೇಷ್ಣೆ ಮಾಡಿಕೊಡಿ ಎಂದು ವಿನಂತಿಸಿ. ಹದಿನೈದು ದಿನ ಮುಂಚೆ, ಪಾತ್ರದ ತೂಕ ಹೇಳಿ ಕೇಳಿದರೆ ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ. ಚೌಕಿಯಲ್ಲಿ ಬಣ್ಣ ಹಚ್ಚುವಾಗ ಹೇಳಿದರೆ ಯಾರಿಗಾದರೂ ಬೇಸರವಾದೀತು.